ಮರದ ನೆರಳಲ್ಲಿ ಗಿಡ ಒಣಗುತ್ತಿದ್ದರೆ ಎಲೆ ಬಿಡಿ, ಮೊದಲು ಮಣ್ಣು ಅಗೆದು ನೋಡಿ

"ಬಿಸಿಲೇ ಬೀಳಲ್ಲ, ದಿನಾ ನೀರು ಹಾಕ್ತೀನಿ, ಆದ್ರೂ ಗಿಡ ಒಣಗ್ತಾ ಇದೆ." ಬೆಂಗಳೂರು, ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಮನೆ ಮುಂದಿನ ಮಾವು ಅಥವಾ ಹೊಂಗೆ ಮರದ ಕೆಳಗೆ ಮಲೆನಾಡಿನಂಥ ತಂಪು, ತೇವ ಬಯಸುವ ಗಿಡ ಬೆಳೆಸಲು ಹೊರಟವರು ಹೇಳುವ ಮಾತು ಇದು. ಜರಿಗಿಡ, ಪೀಸ್ ಲಿಲಿ, ಏಲಕ್ಕಿ, ಆಂಥೂರಿಯಂ, ಕಾಲೇಥಿಯಾ, ಬಿಗೋನಿಯಾ, ಶುಂಠಿ ಜಾತಿಯ ಹೂಗಿಡಗಳು. ಒಂದು ಸಲ ನೆಟ್ಟರೆ ವರ್ಷಾನುಗಟ್ಟಲೆ ಇರಬೇಕಾದವು ಒಂದೇ ಬೇಸಿಗೆಗೆ ಹೋಗಿಬಿಡುತ್ತವೆ. ಆಮೇಲೆ "ನಮ್ಮ ಮಣ್ಣಿಗೆ ಇವು ಆಗಲ್ಲ" ಅಂತ ಕೈಬಿಡುತ್ತಾರೆ.

ಅಷ್ಟು ಬೇಗ ಕೈಬಿಡಬೇಡಿ. ಬಾಡಿದ ಎಲೆ ಒಂದೇ ಥರ ಕಂಡರೂ ಅದರ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣ ಇರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ನೀರು ಸಾಲದೆ ಬಾಡಿದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಮೇಲಿಂದ ನೋಡಿದರೆ ಒಂದೇ. ಹಾಗಾಗಿ ಎಲೆ ನೋಡಿ ನೀರು ಹಾಕುವುದನ್ನು ಮೊದಲು ನಿಲ್ಲಿಸಿ.

ಮೂಲ ತೊಂದರೆ ಎಲ್ಲಿದೆ

ಮಲೆನಾಡಿನ ಕಾಡಲ್ಲಿ ನೆರಳು ಇರುವ ಕಡೆ ತೇವವೂ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಬೆಂಗಳೂರಿಗೆ ಬೀಳುವುದು 1000 ಮಿ.ಮೀ. ಒಳಗೆ, ಚಿತ್ರದುರ್ಗ, ಪಾವಗಡದ ಕಡೆ ಅದಕ್ಕೂ ಕಡಿಮೆ. ನಮ್ಮಲ್ಲಿ ನೆರಳು ಅಂದ ತಕ್ಷಣ ತಂಪು, ತೇವ ಅಂದುಕೊಳ್ಳುತ್ತೇವೆ. ಮೈಗೆ ತಂಪು ನಿಜ. ಆದರೆ ದಟ್ಟವಾದ ಮರದ ಕೆಳಗಿನ ನೆಲ ಎಷ್ಟೋ ಸಲ ಬಯಲಿನ ನೆಲಕ್ಕಿಂತ ಒಣಗಿರುತ್ತದೆ.

ಇದಕ್ಕೆ ಎರಡು ಕಾರಣ. ಒಂದು, ಮಳೆಯ ಮೊದಲ ಪಾಲು ಮರದ ಎಲೆಗಳಿಗೇ ಹೋಗುತ್ತದೆ. ಎರಡು ಮೂರು ಮಿ.ಮೀ. ತುಂತುರು ಬಿದ್ದರೆ ಹಳೇ ಮಾವಿನ ಮರದ ಬುಡದಲ್ಲಿ ನೆಲ ಒದ್ದೆಯೇ ಆಗುವುದಿಲ್ಲ, ಎಲೆ ಮೇಲೆ ಕೂತ ನೀರು ಅಲ್ಲೇ ಆರಿಹೋಗುತ್ತದೆ. ಇನ್ನೊಂದು ದೊಡ್ಡದು, ಬೇರು. ಮರದ ಬೇರೆಲ್ಲ ಪಾತಾಳಕ್ಕೆ ಹೋಗಿರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಒಂದೂವರೆ ಅಡಿಯಲ್ಲೇ ಹರಡಿರುತ್ತವೆ, ಅದೂ ಕೊಂಬೆಗಳ ಅಂಚನ್ನು ದಾಟಿ ಇನ್ನೂ ಆಚೆಗೆ. ನಿಮ್ಮ ಪುಟ್ಟ ಜರಿಗಿಡ ಬೇರು ಬಿಡಬೇಕಾದ ಜಾಗವೂ ಅದೇ. ನೀವು ಅದಕ್ಕೆ ಅಂತ ಹಾಕಿದ ನೀರನ್ನು ಮೊದಲು ಕುಡಿಯುವುದು ಮರ.

ಅಗೆದು ನೋಡುವ ಪರೀಕ್ಷೆ

ಎಂದಿನ ಹಾಗೆ ಸಂಜೆ ನೀರು ಹಾಕಿ. ಮಾರನೇ ದಿನ ಬೆಳಿಗ್ಗೆ ಗಿಡದಿಂದ ಒಂದು ಗೇಣು ದೂರದಲ್ಲಿ ಸಣ್ಣ ಗುದ್ದಲಿಯಿಂದ 15 ಸೆಂ.ಮೀ. ಆಳದ ಗುಂಡಿ ತೋಡಿ. ಆ ಗುಂಡಿಯ ಗೋಡೆ ನೋಡಿ, ಮಣ್ಣು ಮುಟ್ಟಿ, ಮೂಸಿ. ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ ಬೆರಳು ತಾಗಿಸಿದರೆ ಬಿರಿಯುವ ಹಾಗಿದ್ದರೆ ತೇವ ಸರಿಯಾಗಿದೆ. ಉಂಡೆಯೇ ಕಟ್ಟದೆ ಪುಡಿ ಉದುರಿದರೆ ಒಣಗಿದೆ. ಕೈಗೆ ಕೆಸರು ಮೆತ್ತಿದರೆ ನೀರು ಜಾಸ್ತಿ. ಇಷ್ಟು ಮಾಡಲು ಐದು ನಿಮಿಷ ಸಾಕು, ಇದನ್ನು ಬಿಟ್ಟು ಯಾವ ಔಷಧಿಗೂ ದುಡ್ಡು ಹಾಕಬೇಡಿ. ಗುಂಡಿಯಲ್ಲಿ ಏನು ಕಂಡಿತು ಅನ್ನುವುದರ ಮೇಲೆ ಮುಂದಿನ ದಾರಿ.

ಮೇಲೆ ಒದ್ದೆ, ಒಂದು ಇಂಚಿನ ಕೆಳಗೆ ದೂಳು

ಹೆಚ್ಚಿನ ಕಡೆ ಕಾಣುವುದು ಇದೇ. ಪೈಪ್ ಹಿಡಿದು ದಿನಾ ಐದು ನಿಮಿಷ ಸಿಂಪಡಿಸಿದರೆ ನೆಲ ಕಪ್ಪಾಗಿ ಕಾಣುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ, ಬೇರಿಗೆ ಏನೂ ಸಿಗುವುದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು ಹಾಕಿದರೆ ಅದು 1 ಮಿ.ಮೀ. ಮಳೆಗೆ ಸಮ. ಗಿಡಕ್ಕೊಂದು ಮಗ್ ನೀರು ಹಾಕುವವರು ಒಂದು ತುಂತುರಿನಷ್ಟು ಹಾಕುತ್ತಿದ್ದಾರೆ, ಅಷ್ಟೇ. ಒಣಗಿದ ಕೆಂಪು ಮಣ್ಣಿನಲ್ಲಿ ನೀರು ಮುಕ್ಕಾಲು ಗೇಣು ಇಳಿಯಬೇಕಾದರೆ ಚದರ ಮೀಟರಿಗೆ 20 ಲೀಟರಿನಷ್ಟು ಬೇಕು.

ಹಾಗಂತ ದಿನಾ 20 ಲೀಟರ್ ಸುರಿಯಬೇಡಿ. ವಾರಕ್ಕೆ ಎರಡು ಸಲ, ನಿಧಾನವಾಗಿ, ಆಳಕ್ಕೆ ಹೋಗುವ ಹಾಗೆ ಕೊಡಿ. ಡ್ರಿಪ್ ಹಾಕಿಸಿದರೆ ಒಳ್ಳೆಯದು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್‌ಗಳನ್ನು ಚದರ ಮೀಟರಿಗೆ ನಾಲ್ಕರಂತೆ ಕೂರಿಸಿ ಒಂದೂಕಾಲು ಗಂಟೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ದುಡ್ಡು ಬೇಡ ಅಂದರೆ ಮಣ್ಣಿನ ಮಡಕೆ ಹೂಳಿ. ಮೆರುಗು ಹಚ್ಚದ ಮಡಕೆಯನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು, ನೀರು ತುಂಬಿ, ಬಾಯಿಗೆ ಒಂದು ಮುಚ್ಚಳ ಇಟ್ಟರೆ ಆಯಿತು. ಮಡಕೆ ಗೋಡೆಯಿಂದ ನೀರು ಜಿನುಗುತ್ತಾ ಹೋಗುತ್ತದೆ, ಮೇಲಿನ ಮಣ್ಣಿಂದ ಆವಿಯಾಗಿ ಹೋಗುವುದು ಬಹಳ ಕಡಿಮೆ. ಒಂದು ಎಚ್ಚರಿಕೆ ಹೇಳಬೇಕು. ಮರದ ಬೇರುಗಳು ಮಡಕೆಯನ್ನು ಹುಡುಕಿಕೊಂಡು ಬಂದು ಸುತ್ತಿಕೊಳ್ಳುತ್ತವೆ, ಆದ್ದರಿಂದ ಕಾಂಡದಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ ಹೂಳಿ.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು ಅಂತ ಜಲಮಂಡಳಿ ಆದೇಶ ಮಾಡಿತ್ತು, ತಪ್ಪಿದರೆ 5000 ರೂಪಾಯಿ ದಂಡ. ಅಂಥ ಬೇಸಿಗೆ ಮತ್ತೆ ಬರುತ್ತದೆ ಅಂತಲೇ ಲೆಕ್ಕ ಹಾಕಿ ತೋಟ ಮಾಡಬೇಕು. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆ ಪುಡಿ ಬೆರೆತ ನೀರು ಬೇಡ, ಅದರ ಉಪ್ಪು ಮಣ್ಣನ್ನು ಕೆಡಿಸುತ್ತದೆ.

ನೀರು ಇಳಿಯುವುದೇ ಇಲ್ಲ, ಪಕ್ಕಕ್ಕೆ ಹರಿದುಹೋಗುತ್ತದೆ

ತಿಂಗಳುಗಟ್ಟಲೆ ಪೂರ್ತಿ ಒಣಗಿದ ಮಣ್ಣು ನೀರನ್ನು ತಳ್ಳುತ್ತದೆ. ಎಣ್ಣೆ ಸವರಿದ ತಟ್ಟೆ ಮೇಲೆ ಬಿದ್ದ ಹಾಗೆ ನೀರು ಗುಂಡಾಗಿ ನಿಂತು ಜಾರುತ್ತದೆ. ತರಗೆಲೆ ಕೊಳೆತು ಸೇರಿದ ಮಣ್ಣಿನಲ್ಲಿ ಇದು ಜಾಸ್ತಿ, ಒಣಗಿದ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಂತೂ ಇನ್ನೂ ಜಾಸ್ತಿ. ಪರೀಕ್ಷೆ ಸುಲಭ. ಒಣ ಮಣ್ಣಿನ ಮೇಲೆ ಒಂದು ಚಮಚ ನೀರು ಹಾಕಿ, ಹತ್ತು ಸೆಕೆಂಡ್ ಕಳೆದರೂ ಹಾಗೇ ನಿಂತಿದ್ದರೆ ಇದೇ ತೊಂದರೆ.

ಮೇಲ್ಮಣ್ಣನ್ನು ಬೆರಳುದ್ದ ಮಾತ್ರ ಸಡಿಲ ಮಾಡಿ. ಗಿಡದ ಸುತ್ತ ಪಾತಿ ಕಟ್ಟಿ. ಒಂದು ಚೊಂಬು ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನೊಂದು, ಮತ್ತೆ ಅರ್ಧ ಗಂಟೆ ಬಿಟ್ಟು ಬಾಕಿಯೆಲ್ಲ. ಮೊದಲ ಚೊಂಬು ದಾರಿ ಬಿಡಿಸುತ್ತದೆ, ಉಳಿದದ್ದು ಒಳಗೆ ಇಳಿಯುತ್ತದೆ. ಒಂದು ಸಲ ನೆನೆದ ಮೇಲೆ ಮತ್ತೆ ಪೂರ್ತಿ ಒಣಗದಂತೆ ತರಗೆಲೆ ಮುಚ್ಚಿಗೆ ಹಾಕಿ.

ಮುಚ್ಚಿಗೆ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಯಲುಸೀಮೆಯ ನೆರಳಿನ ತೋಟದಲ್ಲಿ ಇದಕ್ಕಿಂತ ದೊಡ್ಡ ಮದ್ದು ನಾನು ಕಂಡಿಲ್ಲ. ದಿನಾ ಬೆಳಿಗ್ಗೆ ಮರದ ಕೆಳಗೆ ಗುಡಿಸಿ, ಎಲೆ ಒಟ್ಟು ಮಾಡಿ ಬೆಂಕಿ ಹಚ್ಚುವ ಅಭ್ಯಾಸ ನಮ್ಮೂರುಗಳಲ್ಲಿ ಇನ್ನೂ ಇದೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಕಾಡಿನ ನೆಲದಲ್ಲಿ ಈ ಗಿಡಗಳನ್ನು ಕಾಯುವುದೇ ಆ ಎಲೆ. ಎರಡರಿಂದ ಮೂರು ಇಂಚು ದಪ್ಪ ಹಾಕಿ, ಗಿಡದ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಮಾವಿನ ಎಲೆ ದಪ್ಪ, ಒಂದರ ಮೇಲೊಂದು ಕೂತು ಚಾಪೆಯಾಗಿ ನೀರನ್ನೇ ತಡೆಯುತ್ತದೆ, ಅದನ್ನು ಕತ್ತರಿಸಿ ಅಥವಾ ಚೆನ್ನಾಗಿ ತುಳಿದು ಮುರಿದು ಹಾಕಿ. ಹೊಂಗೆ ಎಲೆ ಹಾಗೇ ಹಾಕಬಹುದು, ಬೇಗ ಕೊಳೆಯುತ್ತದೆ. ಸಿಲ್ವರ್ ಓಕ್ ಎಲೆ ತುಂಬ ನಿಧಾನ. ಗೆದ್ದಲು ಬಂದರೆ ಭಯ ಬೇಡ. ಅದು ಹೆಚ್ಚಾಗಿ ಒಣ ಎಲೆಗೇ ಬರುತ್ತದೆ, ಮುಚ್ಚಿಗೆ ತೇವವಾಗಿದ್ದರೆ ಕಡಿಮೆಯಾಗುತ್ತದೆ, ಬೇಕಿದ್ದರೆ ಒಂದಿಷ್ಟು ಬೇವಿನ ಹಿಂಡಿ ಬೆರೆಸಿ.

ಗುಂಡಿ ತುಂಬ ಬೇರಿನ ಬಲೆ

ಗುದ್ದಲಿ ಇಳಿಯುವುದೇ ಕಷ್ಟ, ಎಳೆದರೆ ದಾರದಂಥ ಕಂದು ಬೇರುಗಳ ಚಾಪೆ ಬರುತ್ತದೆ. ಅವು ಮರದವು. ಸಿಲ್ವರ್ ಓಕ್, ಗುಲ್‌ಮೊಹರ್, ಅತ್ತಿ, ಆಲದ ಜಾತಿಯ ಮರಗಳ ಕೆಳಗೆ ಇದು ಖಂಡಿತ. ಇಲ್ಲಿ ಎಷ್ಟು ನೀರು ಹಾಕಿದರೂ, ಎಷ್ಟು ಗೊಬ್ಬರ ಕೊಟ್ಟರೂ ಮರ ದಪ್ಪವಾಗುತ್ತದೆ, ಗಿಡ ಹಾಗೇ ಇರುತ್ತದೆ.

ಕೆಲವರು ಬೇರೆಲ್ಲ ಕಡಿದು ಹಾಕುತ್ತಾರೆ. ಇನ್ನು ಕೆಲವರು ಬುಡದ ಸುತ್ತ ಕಟ್ಟೆ ಕಟ್ಟಿ ಒಂದಡಿ ಹೊಸ ಮಣ್ಣು ತುಂಬುತ್ತಾರೆ. ಎರಡೂ ಮರಕ್ಕೆ ಅಪಾಯ. ಪೆನ್ಸಿಲ್ ದಪ್ಪದ ಬೇರು ಅಲ್ಲೊಂದು ಇಲ್ಲೊಂದು ಕಡಿದರೆ ತೊಂದರೆಯಿಲ್ಲ. ಹೆಬ್ಬೆರಳಿಗಿಂತ ದಪ್ಪ ಇದ್ದರೆ ಕೈ ಹಚ್ಚಬೇಡಿ, ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ಮಣ್ಣು ಏರಿಸಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಕಾಂಡಕ್ಕೆ ಮಣ್ಣು ತಾಗಿದ ಕಡೆ ತೊಗಟೆ ಕೊಳೆಯುತ್ತದೆ. ನಲವತ್ತು ವರ್ಷದ ಮರವನ್ನು ನಾನ್ನೂರು ರೂಪಾಯಿಯ ಗಿಡಕ್ಕಾಗಿ ಕಳೆದುಕೊಳ್ಳುವುದು ನ್ಯಾಯವಲ್ಲ. ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಎರಡು ಇಂಚಿಗಿಂತ ಜಾಸ್ತಿ ದಪ್ಪ ಹಾಕಬೇಡಿ, ಅದೂ ಕಾಂಡದಿಂದ ದೂರ.

ಬೇರುಗಳ ನಡುವೆ ಸಿಗುವ ಸಂದಿಗಳಲ್ಲಿ ಸಣ್ಣ ಗಿಡಗಳನ್ನು ನೆಡಿ. ದೊಡ್ಡ ಗಿಡಕ್ಕೆ ದೊಡ್ಡ ಗುಂಡಿ ಬೇಕು, ದೊಡ್ಡ ಗುಂಡಿಗೆ ಬೇರು ಕಡಿಯಬೇಕು. ನಾಲ್ಕು ಇಂಚಿನ ಪಾಟ್‌ನ ಗಿಡ ಮುಷ್ಟಿಯಷ್ಟು ಜಾಗದಲ್ಲಿ ಕೂತು ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಸಂದಿಯೂ ಇಲ್ಲ ಅಂದರೆ ಕುಂಡದಲ್ಲೇ ಬೆಳೆಸಿ. ಕುಂಡವನ್ನು ನೆಲಕ್ಕೆ ನೇರ ಇಡದೆ ಎರಡು ಇಟ್ಟಿಗೆ ಮೇಲೆ ಇಡಿ. ಇಲ್ಲದಿದ್ದರೆ ತಳದ ತೂತಿನಿಂದ ಮರದ ಬೇರು ಒಳಗೆ ನುಗ್ಗಿ ಒಂದೆರಡು ವರ್ಷದಲ್ಲಿ ಕುಂಡವನ್ನೇ ತುಂಬಿಕೊಳ್ಳುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ.

ಸುತ್ತ ತೇವ ಇದೆ, ಗಿಡ ಮಾತ್ರ ಒಣಗಿದೆ

ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ ನೋಡಿ. ಸುತ್ತಲ ಕೆಂಪು ಮಣ್ಣು ಒದ್ದೆ, ಆದರೆ ಬೇರಿನ ಮುದ್ದೆ ಹಗುರ, ಒಳಗೆ ಒಣಗಿದ ಕೋಕೋಪೀಟ್, ಪಾಟ್‌ನ ಆಕಾರ ಇನ್ನೂ ಹಾಗೇ ಇದೆ. ನರ್ಸರಿಯಿಂದ ತಂದ ಗಿಡಗಳಲ್ಲಿ ಇದು ತುಂಬ. ನಮ್ಮಲ್ಲಿ ಸಿಗುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳಿಂದ ಬರುತ್ತವೆ. ಅದು ಗೋದಾವರಿ ಬಯಲು, ಗಾಳಿಯಲ್ಲೇ ತೇವ. ಶೇಡ್ ನೆಟ್ ಕೆಳಗೆ, ದಿನಾ ನೀರು ಕುಡಿದು, ಕೋಕೋಪೀಟ್‌ನಲ್ಲಿ ಬೆಳೆದ ಗಿಡ ಅದು. ಅದನ್ನು ತಂದು ಮಾರನೇ ದಿನವೇ ಕೆಂಪು ಮಣ್ಣಿಗೆ ಇಟ್ಟರೆ ನೀರು ಮಣ್ಣಿನಲ್ಲೇ ಉಳಿಯುತ್ತದೆ, ಒಣಗಿದ ಮುದ್ದೆಯೊಳಗೆ ಹೋಗುವುದಿಲ್ಲ.

ಎತ್ತಿದ ಮುದ್ದೆಯನ್ನು ಬಕೆಟ್ ನೀರಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಮುಳುಗಿಸಿಡಿ. ಆಮೇಲೆ ಹೊರಗಿನ ಕೋಕೋಪೀಟ್ ಉದುರಿಸಿ, ಸುತ್ತಿಕೊಂಡ ಬೇರು ಬಿಡಿಸಿ, ನಿಮ್ಮದೇ ಮಣ್ಣಿಗೆ ಎರೆಗೊಬ್ಬರ ಬೆರೆಸಿ ತುಂಬಿ. ಹೊಸದಾಗಿ ತಂದ ಗಿಡವಾದರೆ ಎರಡು ವಾರ ಪಾಟ್‌ನಲ್ಲೇ, ನೆಡಬೇಕಾದ ಜಾಗದಲ್ಲೇ ಇಟ್ಟು ಗಾಳಿ ಬೆಳಕು ಒಗ್ಗಿಸಿ.

ತಳ ಕೆಸರು, ಕೆಟ್ಟ ವಾಸನೆ

ಇಲ್ಲಿ ನೀರು ಪೂರ್ತಿ ನಿಲ್ಲಿಸಿ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕೊಳೆತಿದೆ. ಕೊಳೆತದ್ದು ಕತ್ತರಿಸಿ ಬೇರೆ ಕಡೆ ನೆಡಿ. ಒಣ ಪ್ರದೇಶದಲ್ಲೂ ಇದು ಆಗುತ್ತದೆ, ಅದರಲ್ಲೂ ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಚೂರು, ಜಲ್ಲಿ ಹೂತ ಜಾಗದಲ್ಲಿ.

ಕೊಳೆಯಲು ಇನ್ನೊಂದು ಕಾರಣ ಇದೆ, ಅದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಸತ್ತಿಲ್ಲ, ಮಲಗಿದೆ

ನವೆಂಬರ್ ಡಿಸೆಂಬರ್‌ನಲ್ಲಿ ಅರಿಶಿನ, ಮಾವಿನ ಶುಂಠಿ, ನೆಲಸಂಪಿಗೆ, ಸುವರ್ಣಗೆಡ್ಡೆ, ಗೌರಿ ಹೂವಿನ ಬಳ್ಳಿ, ಇವುಗಳ ಎಲೆ ಹಳದಿಯಾಗಿ ಬಿದ್ದುಹೋಗುತ್ತದೆ. ಗೊತ್ತಿಲ್ಲದವರು ಗಾಬರಿಯಾಗಿ ನೀರು ಹಾಕುತ್ತಲೇ ಹೋಗುತ್ತಾರೆ, ಎಲೆ ಇಲ್ಲದ ಗೆಡ್ಡೆ ಆ ನೀರನ್ನು ಕುಡಿಯಲಾರದೆ ಕೊಳೆಯುತ್ತದೆ. ಇನ್ನು ಕೆಲವರು ಸತ್ತಿತು ಅಂದುಕೊಂಡು ಅದೇ ಜಾಗ ಅಗೆದು ಬೇರೇನೋ ನೆಟ್ಟುಬಿಡುತ್ತಾರೆ. ಪಾಪ, ಗಿಡ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ನಮ್ಮ ಕಾಡುಗಳಲ್ಲೂ ಇವು ಬೇಸಿಗೆಯನ್ನು ದಾಟುವುದು ಹೀಗೇ, ಮಣ್ಣಿನೊಳಗೆ ಮಲಗಿ.

ಗುರುತು ಹಿಡಿಯುವುದು ಹೇಗೆ? ಕಾಲ ನೋಡಿ. ಮಳೆ ಮುಗಿದ ಮೇಲೆ ಗಿಡದ ಎಲ್ಲ ಎಲೆಯೂ ಒಟ್ಟಿಗೆ ಹಳದಿಯಾದರೆ ನಿದ್ದೆ. ಮಳೆಗಾಲದ ನಡುವೆ ಒಂದೊಂದೇ ಕಾಂಡ ಬುಡದಿಂದ ಬಾಗಿದರೆ ಕೊಳೆ. ಅನುಮಾನ ಬಂದರೆ ಗೆಡ್ಡೆಯ ತುದಿ ಬಗೆದು ಒತ್ತಿ ನೋಡಿ, ಗಟ್ಟಿ ಇದ್ದರೆ ಬದುಕಿದೆ. ಜಾಗಕ್ಕೆ ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ನೀರು ನಿಲ್ಲಿಸಿ, ತರಗೆಲೆ ಮುಚ್ಚಿ ಬಿಟ್ಟುಬಿಡಿ. ನೆಲಸಂಪಿಗೆ ಬೇಸಿಗೆಯಲ್ಲೇ, ಎಲೆ ಬರುವ ಮೊದಲು ನೇರ ನೆಲದಿಂದ ಹೂ ಬಿಡುತ್ತದೆ. ಉಳಿದವು ಏಪ್ರಿಲ್ ಕೊನೆಯ ಭರಣಿ ಮಳೆಯಿಂದ ಜೂನ್ ಒಳಗೆ ಮೊಳಕೆ ತೋರಿಸುತ್ತವೆ.

ಗುಂಡಿಯಲ್ಲಿ ಎಲ್ಲ ಸರಿ ಇದೆ, ಆದರೂ ಎಲೆ ಸುಡುತ್ತಿದೆ

ಈಗ ಎಲೆ ನೋಡಬಹುದು. ಎಲ್ಲಿ ಸುಟ್ಟಿದೆ ಅನ್ನುವುದು ಮುಖ್ಯ.

ಎಲೆಯ ನಡುವೆ, ಮೇಲ್ಮುಖದಲ್ಲಿ ಬಿಳಿಚಿದ ಅಥವಾ ಕಂದು ಮಚ್ಚೆ, ಅದೂ ಒಂದೇ ದಿಕ್ಕಿನ ಎಲೆಗಳಲ್ಲಿ ಮಾತ್ರ ಇದ್ದರೆ ಅದು ಬಿಸಿಲು. "ನೆರಳಲ್ಲಿ ಬಿಸಿಲು ಹೇಗೆ" ಅಂತ ಕೇಳುತ್ತೀರಿ. ಮೇಲೆ ನೋಡಿ. ಗುಲ್‌ಮೊಹರ್, ಟಬೂಬಿಯಾ, ತೇಗ ಎಲ್ಲ ಫೆಬ್ರವರಿ ಮಾರ್ಚ್‌ನಲ್ಲಿ ಬೋಳಾಗಿರುತ್ತವೆ. ನಾವು ಅಷ್ಟು ನಂಬುವ ಹೊಂಗೆಯೂ ಯುಗಾದಿಗೆ ಚಿಗುರುವ ಮುಂಚೆ ಎಲೆ ಉದುರಿಸಿ ಕೆಲವು ವಾರ ಬರಿದಾಗುತ್ತದೆ. ಗಾಳಿಯ ತೇವ ಅತಿ ಕಡಿಮೆ ಇರುವ, ಬಿಸಿಲು ಏರುತ್ತಿರುವ ಹೊತ್ತಿಗೇ ನೆರಳು ಮಾಯ. ಶೀತ ದೇಶಗಳ ತೋಟದ ಪುಸ್ತಕ ಓದಿದವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ. ಅಲ್ಲಿ ಮರ ಬೋಳಾಗುವುದು ಚಳಿಗಾಲದಲ್ಲಿ, ಆಗ ಅಲ್ಲಿನ ಕಾಡುಗಿಡಗಳು ಎಳೆ ಬಿಸಿಲನ್ನು ಬಳಸಿಕೊಂಡು ಬೇಗ ಹೂ ಬಿಟ್ಟು ಮುಗಿಸುತ್ತವೆ. ನಮ್ಮಲ್ಲಿ ಬೋಳು ಮರದ ಕೆಳಗೆ ಬೀಳುವುದು ಮಾರ್ಚ್‌ನ ಬಿಸಿಲು.

ಪರಿಹಾರ ನೇರ. ಫೆಬ್ರವರಿ ಮಧ್ಯದಿಂದ ಏಪ್ರಿಲ್‌ವರೆಗೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ, ಮುಖ್ಯವಾಗಿ ಪಡುವಣ ದಿಕ್ಕಿಗೆ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಆದರೆ ಹೊಸ ಎಲೆ ಬರುವ ತನಕ ಕೀಳಬೇಡಿ, ಅದರಲ್ಲಿ ಉಳಿದ ಹಸಿರು ಗಿಡಕ್ಕೆ ಅನ್ನ. ಹೊಸದಾಗಿ ತೋಟ ಮಾಡುವವರು ಸೂಕ್ಷ್ಮ ಗಿಡಗಳನ್ನು ಮಾವು, ಹಲಸಿನ ಥರ ವರ್ಷವಿಡೀ ಎಲೆ ಇರುವ ಮರದ ಕೆಳಗೆ ಅಥವಾ ಮನೆಯ ಮೂಡಣ ಗೋಡೆ ಬಳಿ ಇಡಿ.

ಎಲೆಯ ತುದಿ ಮತ್ತು ಅಂಚು ಮಾತ್ರ ಕಂದಾಗಿ, ಹಳೇ ಎಲೆಗಳಲ್ಲಿ ಜಾಸ್ತಿ, ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿಗೆ ಬಿಳಿ ಪುಡಿ ಕೂತಿದ್ದರೆ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000 ತನಕ ಒಪ್ಪಬಹುದು. ನಾವು ತಡೆದುಕೊಳ್ಳುವ ಆ ಉಪ್ಪನ್ನು ಜರಿಗಿಡ ತಡೆಯುವುದಿಲ್ಲ. ಪಾವಗಡ, ಚಿತ್ರದುರ್ಗ, ಕೋಲಾರದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಸ್ಪೈಡರ್ ಪ್ಲಾಂಟ್, ಡ್ರಸೀನಾ, ಕಾಲೇಥಿಯಾಗಳ ಎಲೆ ತುದಿ ಸುಡುವುದಕ್ಕೆ ಅದೊಂದೇ ಸಾಕು.

ನೀರು ಶುದ್ಧ ಮಾಡುವ ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಹಾಳಾಗಬಾರದು ಅಂತ ಗಿಡಕ್ಕೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಹೊರಹಾಕಿದ ಉಪ್ಪೆಲ್ಲ ಇರುವುದು ಅದರಲ್ಲೇ, ಅದನ್ನು ನೆಲ ತೊಳೆಯಲು ಬಳಸಿ, ನೆರಳಿನ ಗಿಡಗಳಿಗೆ ಬೇಡ. ಇವಕ್ಕೆ ಬೇಕಾದದ್ದು ಮಳೆ ನೀರು. 100 ಚದರ ಮೀಟರ್ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದರೂ 800 ಲೀಟರ್ ಸಿಗುತ್ತದೆ. ಒಂದು ಡ್ರಮ್ ತುಂಬಿಸಿಟ್ಟು ಸೂಕ್ಷ್ಮ ಗಿಡಗಳಿಗೆ ಮಾತ್ರ ಅದನ್ನು ಹಾಕಿ. ಮಳೆಗಾಲ ಶುರುವಾದಾಗ ಕುಂಡಗಳನ್ನು ಒಂದೆರಡು ಜೋರು ಮಳೆಗೆ ಹೊರಗಿಡಿ, ಕೂತ ಉಪ್ಪು ತೊಳೆದುಹೋಗುತ್ತದೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಡಸು ನೀರು, ಸುಣ್ಣ, ಸಿಮೆಂಟ್ ಇರುವ ಕಡೆ ಗಿಡಕ್ಕೆ ಅದು ಸಿಗುವುದಿಲ್ಲ. ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು, ಎರೆಗೊಬ್ಬರ ಕೊಡಿ.

ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕಿ, ಬಣ್ಣ ಮಂಕು? ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ. ಬಿದ್ದ ಪುಡಿ ಹರಿದಾಡಿದರೆ ನುಸಿ. ಮಳೆ ತಾಗದ ಒಣ ಜಾಗದಲ್ಲಿ ಬೇಸಿಗೆಯಲ್ಲಿ ಇದು ಬಂದೇ ಬರುತ್ತದೆ. ಬೆಳಿಗ್ಗೆ ಎಲೆಯ ಕೆಳಭಾಗಕ್ಕೆ ನೀರು ಜೋರಾಗಿ ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ. ಹೋಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಜರಿಗಿಡಕ್ಕೆ ಮೊದಲು ಒಂದೇ ಎಲೆ ಮೇಲೆ ಹಾಕಿ ನೋಡಿ, ಅದರ ಎಲೆ ಮೆದು.

ಗಿಡ ಹಸಿರಾಗಿದೆ, ಬೆಳೆಯುತ್ತಿಲ್ಲ, ಹೂ ಇಲ್ಲ

ಬೆಳಕು ಸಾಲದು. ಕಾಂಡ ಉದ್ದವಾಗಿ ಒಂದು ಕಡೆಗೆ ಬಾಗಿರುತ್ತದೆ. ನಡು ಹಗಲಲ್ಲಿ ಗಿಡದ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಒಂದಡಿ ಮೇಲೆ ಕೈ ಹಿಡಿಯಿರಿ. ಕೈಯ ನೆರಳು ಮಸುಕಾಗಿ ಕಂಡರೆ ಈ ಗಿಡಗಳಿಗೆ ಸರಿ. ಅಂಚು ಚೂಪಾಗಿ ಕಂಡರೆ ಬಿಸಿಲು ಜಾಸ್ತಿ. ನೆರಳೇ ಕಾಣದಿದ್ದರೆ ಕತ್ತಲು. ಮರದ ಕೆಳಕೊಂಬೆ ಒಂದೆರಡು ತೆಗೆಸಿದರೆ ಸಾಕು, ಹೂ ಬರುತ್ತದೆ.

ಯಾವುದು ನೆಡಬೇಕು, ಯಾವಾಗ

ಲಾಲ್‌ಬಾಗ್‌ನಲ್ಲಿ ವರ್ಷಕ್ಕೆ ಎರಡು ಫಲಪುಷ್ಪ ಪ್ರದರ್ಶನ, ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯ ದಿನಕ್ಕೆ ಒಂದು. ಜನವರಿಯಲ್ಲಿ ಆಸೆಪಟ್ಟು ಕೊಂಡ ಗಿಡ ನೆಲಕ್ಕೆ ಹೋಗುವ ಹೊತ್ತಿಗೆ ಮುಂದೆ ನಾಲ್ಕು ಒಣ ತಿಂಗಳು ಕಾದಿರುತ್ತವೆ. ಜನವರಿಯಲ್ಲಿ ಕೊಂಡರೆ ಜೂನ್ ತನಕ ಕುಂಡದಲ್ಲೇ ಇಡಿ. ನೆಲಕ್ಕೆ ನೆಡಬೇಕಾದರೆ ಜೂನ್‌ನಿಂದ ಆಗಸ್ಟ್ ಒಳಗೆ ನೆಡಿ. ಬೆಂಗಳೂರಿನ ಕಡೆ ದೊಡ್ಡ ಮಳೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಅಷ್ಟರಲ್ಲಿ ಬೇರು ಬಿಟ್ಟ ಗಿಡ ಬೇಸಿಗೆಯನ್ನು ಎದುರಿಸುತ್ತದೆ.

ಒಣ ನೆರಳಿಗೆ ನಾನು ಕಣ್ಣುಮುಚ್ಚಿ ಹೇಳುವ ಗಿಡಗಳು ಇವು: ಶತಾವರಿ, ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಗಿಡ, ಮಾವಿನ ಶುಂಠಿ, ಕಸ್ತೂರಿ ಅರಿಶಿನ, ನೆಲಸಂಪಿಗೆ, ಸುವರ್ಣಗೆಡ್ಡೆ. ಸ್ವಲ್ಪ ಬೆಳಕಿರುವ ಅಂಚಿಗೆ ಕನಕಾಂಬರ, ಗೋರಂಟೆ, ಆಡುಸೋಗೆ, ಸ್ಪೈಡರ್ ಲಿಲಿ. ಇವುಗಳಲ್ಲಿ ಕೆಲವು ಗೆಡ್ಡೆಯಲ್ಲಿ ನೀರು ಕೂಡಿಡುತ್ತವೆ, ಕೆಲವು ದಪ್ಪ ಎಲೆಯಲ್ಲಿ, ಕೆಲವು ಬೇಸಿಗೆಯನ್ನು ಮಲಗಿ ಕಳೆಯುತ್ತವೆ. ಗೌರಿ ಹೂ ಚೆಂದ, ಆದರೆ ಗೆಡ್ಡೆ ಭಾರಿ ವಿಷ, ಮಕ್ಕಳು, ನಾಯಿ ಇರುವ ಮನೆಗೆ ಬೇಡ. ಸಿಂಗೋನಿಯಂ ಬೇಗ ಹಬ್ಬುತ್ತದೆ ಅಂತ ನೆಲಕ್ಕೆ ಬಿಡಬೇಡಿ, ಆಮೇಲೆ ಬೇರೆ ಯಾವ ಗಿಡಕ್ಕೂ ಜಾಗ ಉಳಿಯುವುದಿಲ್ಲ. ಮಲೆನಾಡಿಗೆ ಹೋದಾಗ ಕಾಡಿನಿಂದ ಜರಿಗಿಡ, ಸೀತಾಳೆ (ಕಾಡಿನ ಆರ್ಕಿಡ್) ಕಿತ್ತು ತರುವುದಂತೂ ದಯವಿಟ್ಟು ಬೇಡ. ಕಾಯ್ದಿಟ್ಟ ಅರಣ್ಯದಿಂದ ಕೀಳುವುದು ಅಪರಾಧ, ಜೊತೆಗೆ ಹೂ ಬಿಟ್ಟಾಗ ಕಿತ್ತ ಗಿಡ ಇಲ್ಲಿ ಬದುಕುವುದೂ ಕಷ್ಟ.

ಏಲಕ್ಕಿ, ಕಾಲೇಥಿಯಾ, ಆಂಥೂರಿಯಂ, ಸಣ್ಣ ಎಲೆಯ ಅಡಿಯಾಂಟಮ್ ಜರಿ, ಇವಕ್ಕೆ ಮಣ್ಣಿನ ತೇವ ಮಾತ್ರ ಸಾಲದು, ಗಾಳಿಯಲ್ಲೂ ತೇವ ಬೇಕು. ಮಾರ್ಚ್ ಮಧ್ಯಾಹ್ನದ ನಮ್ಮ ಗಾಳಿಯನ್ನು ಯಾವ ಮುಚ್ಚಿಗೆಯೂ ಸರಿಮಾಡಲಾರದು. ಇವನ್ನು ಇಷ್ಟಪಡುವವರು ಕುಂಡದಲ್ಲಿ ಒತ್ತೊತ್ತಾಗಿ ಜೋಡಿಸಿ, ಕೆಳಗೆ ಒದ್ದೆ ಜಲ್ಲಿ ತುಂಬಿದ ತಟ್ಟೆ ಇಟ್ಟು, ಗಾಳಿ ನೇರ ಹೊಡೆಯದ ಮೂಲೆಗೆ ಸರಿಸಿ. ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ, ಸೋಪಿನ ನೀರು ಸಿಡಿಯದಷ್ಟು ದೂರದಲ್ಲಿ ಜಾಗ ಇದ್ದರೆ ಅಲ್ಲೇ ಇಡಿ.